ರೊಟ್ಟಿ ಬಡಿಯೋ ಕೈಗೆ ಏನು ಹಚ್ಚೋದು

ಹೋದ ಡಿಸೆಂಬರ್‌ನ್ಯಾಗ ಅವ್ವನ ಹೆಸರಿಲೆ ಒಂದು ಸಿಮ್ ತಗೋಬೇಕಂತ ಇಲ್ಲೇ ಪುಣೆಯ ಧನಕವಡಿಯೊಳಗ ಒಂದು ಮೊಬೈಲ್ ಅಂಗಡಿಗೆ ಹೋಗಿದ್ವಿ. ಅಂಗಡಿ ಹುಡುಗ ಸಣ್ಣ ಮಷೀನ್ ಮುಂದಿಟ್ಟ, ಅವ್ವ ಹೆಬ್ಬಟ್ಟು ಒತ್ತಿದ್ಲು, ಹಿಡೀಲಿಲ್ಲ. ಸೆರಗಿಗೆ ಒರಸ್ಕೊಂಡು ಮತ್ತ ಒತ್ತಿದ್ಲು, ಮತ್ತ ಹಿಡೀಲಿಲ್ಲ. "ಮಾವಶಿ, ದುಸರಂ ಬೋಟ್ ಠೇವಾ" ಅಂದ ಹುಡುಗ. ತೋರಬೆರಳು ಆತು, ನಡುಬೆರಳು ಆತು, ಎಡಗೈ ಆತು, ಹಿಂದ ಪಾಳಿ ಹಚ್ಚಿದ್ದ ನಾಕು ಮಂದಿ ನೋಡ್ಕೋತ ನಿಂತಿದ್ರು, ಹುಡುಗ ಪಾಪ ಒದ್ದಿ ಅರಬಿ ಕೊಟ್ಟ, ಬೆರಳು ಹಸಿ ಮಾಡಿ ನೋಡ್ರಿ ಅಂದ, ಅದೂ ಆಗ್ಲಿಲ್ಲ. ಅವ್ವ ಎರಡೂ ಕೈ ಸೆರಗಿನ್ಯಾಗ ಸುತ್ಕೊಂಡು "ಇರ್ಲಿ ಬಿಡವಾ, ನಿನ್ನ ಹೆಸರಿಲೇ ತಗೋ" ಅಂದ್ಲು. ದಾರ್ಯಾಗ ಮಾತಾಡ್ಲಿಲ್ಲ.

ಮನಿಗೆ ಬಂದು ಟ್ಯೂಬ್‌ಲೈಟ್ ಕೆಳಗ ಆಕಿ ಕೈ ಹಿಡದು ನೋಡ್ದೆ. ಬೆರಳ ತುದಿ ನುಣ್ಣಗ, ಹಳೇ ರೂಪಾಯಿ ನಾಣ್ಯ ಸವದಂಗ, ಗೆರಿನ ಇಲ್ಲ. ಹೆಬ್ಬಟ್ಟಿನ ಸಂದಿಯೊಳಗ ಮೂರು ಬಿರುಕು, ಅದರಾಗ ಜೋಳದ ಹಿಟ್ಟು ಬೆಳ್ಳಗ ಕುಂತದ, ಎಷ್ಟು ತೊಳದ್ರೂ ಹೋಗೂದಿಲ್ಲ. ಅಂಗೈ ಅಂತೂ ಇಂಡಿ ಕಡೆ ನಮ್ಮ ಎರಿ ಹೊಲ ಏಪ್ರಿಲ್‌ನ್ಯಾಗ ಬಿರೀತದಲ್ಲ, ಹಂಗ. ಒಂದು ಬಿರುಕಿನ ಅಂಚು ಒತ್ತಿದ್ರ ರಕ್ತ ಜಿನುಗಿತು, ಆಕಿ ಕೈ ಜಗ್ಗಿಕೊಂಡ್ಲು.

ನಾನು ನರ್ಸ್. ಹದಿನಾಲ್ಕು ವರ್ಷ ಆತು, ದಿನಾ ಮಂದಿ ಕೈ ಹಿಡದು ನರ ಹುಡುಕತೀನಿ, ಹಾಸಿಗಿ ಹಿಡದವರ ಹಿಮ್ಮಡಿಗೆ ಕ್ರೀಮ್ ಹಚ್ಚತೀನಿ, ಡ್ಯೂಟಿ ಮುಗಿಸಿ ಬಂದು ಅವ್ವ ಬಡಿಸಿದ್ದು ಉಂಡು ಮಲಗತೀನಿ. ಆಕಿ ಕೈ ನಾನು ಹಿಡದು ನೋಡಿ ಎಷ್ಟು ವರ್ಷ ಆಗಿತ್ತೋ. ಅವತ್ತು ರಾತ್ರಿ ನನಗ ನಿದ್ದಿ ಬರ್ಲಿಲ್ಲ.

ಅವ್ವ ನಸಿಕಿನ್ಯಾಗ ನಾಕೂವರಿಗೆ ಏಳ್ತಾಳ. ಆಕಿ ಮತ್ತ ಸೊಲ್ಲಾಪುರದ ಕಡೆಯ ಇಬ್ಬರು ಹೆಣ್ಮಕ್ಕಳು ಕೂಡಿ ದಿನಕ್ಕ ಎರಡು ನೂರು, ಶ್ರಾವಣದಾಗ ಮುನ್ನೂರು ರೊಟ್ಟಿ ಬಡೀತಾರ. ಬಿಸಿ ರೊಟ್ಟಿ ಮೆಸ್ಸಿಗೆ ಹೋಗ್ತಾವ, ಖಡಕ್ ರೊಟ್ಟಿ ಹಿಂಜವಡಿಯೊಳಗ ಕೆಲಸ ಮಾಡೋ ನಮ್ಮ ಕಡೆ ಹುಡುಗ್ರು ಊರಿಗೆ ಹೋಗ್ಲಿಕ್ಕೆ ಆಗದ ವಾರ ಗಂಟು ಕಟ್ಟಿಸ್ಕೊಂಡು ಒಯ್ತಾರ. ಜೋಳದ ಹಿಟ್ಟಿಗೆ ಕುದಿಯೋ ಎಸರು ಹಾಕಿ ಬಿಸಿ ಇರೂತ್ಲೇ ನಾದಬೇಕು, ಆರಿದ್ರ ರೊಟ್ಟಿ ಅಂಚು ಸೀಳ್ತದ. ಅಂದ್ರ ಬಿಸಿನೀರು, ಮ್ಯಾಲ ಒಣ ಹಿಟ್ಟು, ಮತ್ತ ನೀರು ಸವರೂದು, ಮತ್ತ ಹಿಟ್ಟು, ಮುಂದ ಹಂಚಿನ ಝಳ. ಒಣ ಹಿಟ್ಟು ಕೈಯಾಗಿನ ಜಿಡ್ಡೆಲ್ಲಾ ಎಳಕೋತದ. ಅದಾದ ಮ್ಯಾಲ ಬುಟ್ಟಿ, ಪರಾತ, ಡಬ್ಬಿ ಎಲ್ಲಾ ತಿಕ್ಕೂದು. ಊರಾಗಿದ್ದಾಗ ಬೂದಿ ಹುಣಸಿಹಣ್ಣು, ಇಲ್ಲಿ ಬಾಂಡೆ ಸಾಬಾಣ. ಬ್ಯಾಸಗ್ಯಾಗ ಟ್ಯಾಂಕರ್ ಬೋರಿನ ನೀರು ಬರ್ತದ, ಆ ಗಡಸು ನೀರಿಗೆ ಸಾಬಾಣ ನೊರಿ ಬರೂದಿಲ್ಲ, ಕೈ ಮ್ಯಾಲ ಬಿಳಿ ಪೊರಿ ಹಂಗ ಕುಂದ್ರತದ, ಅದನ್ನ ತೆಗಿಲಿಕ್ಕೆ ಇನ್ನಷ್ಟು ತಿಕ್ಕೂದು.

ಇನ್ನ ಪುಣೆ ಹವಾ. ದೀಪಾವಳಿ ದಾಟಿತಂದ್ರ ಇಲ್ಲಿ ಗಾಳ್ಯಾಗ ಹಸಿ ಇರೂದಿಲ್ಲ, ಡಿಸೆಂಬರ್ ಜನವರಿಯೊಳಗ ರಾತ್ರಿ 10 ಡಿಗ್ರಿಗಿಂತ ಕೆಳಗ ಹೋಗೂದುಂಟು. ನಮ್ಮ ಕಾಕು ಮುಂಬೈ ಹತ್ರ ಡೊಂಬಿವಲಿಯೊಳಗ ಇದ್ದಾಳ, ಅಕಿನೂ ದಿನಾ ರೊಟ್ಟಿ ಮಾಡ್ತಾಳ, ಅಕಿ ಕೈ ಇಷ್ಟು ಒಡದಿಲ್ಲ, ಮುಂಬೈಯಾಗ ಸಮುದ್ರದ ಹಸಿಗಾಳಿನ ಅರ್ಧ ಕ್ರೀಮ್ ಕೆಲಸ ಮಾಡ್ತದ. ಅವ್ವ ಎಂಟು ದಿನ ಅಲ್ಲಿ ಹೋಗಿ ಬಂದ್ರ ಬಿರುಕು ತಾನ ಮುಚ್ಚಿರ್ತಾವ. ನಾವೆಲ್ಲಾ ಅದಕ್ಕ "ಕೆಲಸ ಇಲ್ಲಲ್ಲ, ಅದಕ್ಕ" ಅಂತಿದ್ವಿ. ಅದೂ ಖರೇನ.

ಚರ್ಮದ ವಿಷಯ ಒಬ್ಬ ಗೌಂಡಿ ಮಗಳಿಗೆ ಲಗೂನ ತಿಳೀತದ. ಮ್ಯಾಲಿನ ಪದರ ಅಂದ್ರ ಒಂದು ಇಟ್ಟಂಗಿ ಗ್ವಾಡಿ. ಸತ್ತ ಜೀವಕೋಶ ಇಟ್ಟಂಗಿ, ಅವುಗಳ ನಡುವ ಸೆರಮೈಡ್, ಕೊಲೆಸ್ಟ್ರಾಲ್, ಫ್ಯಾಟಿ ಆಸಿಡ್ ಅನ್ನೋ ಜಿಡ್ಡು ಇರ್ತಾವಲ್ಲ, ಅವು ಗಾರೆ. ಗಾರೆ ಗಟ್ಟಿ ಇದ್ರ ಒಳಗಿನ ನೀರು ಹೊರಗ ಹೋಗೂದಿಲ್ಲ, ಹೊರಗಿನದು ಒಳಗ ಬರೂದಿಲ್ಲ. ಸಾಬಾಣ ಜಿಡ್ಡು ತೆಗೀತದ ಅಂತೀವಿ, ಗಂಗಾಳದ ಜಿಡ್ಡು ಯಾವುದು ಕೈ ಗಾರೆ ಯಾವುದು ಅಂತ ಅದಕ್ಕೇನು ಗೊತ್ತು. ಚರ್ಮದ ಪಿಎಚ್, ಅಂದ್ರ ಹುಳಿ-ಕ್ಷಾರದ ಅಳತಿ, 5ರ ಹತ್ರ, ಸ್ವಲ್ಪ ಹುಳಿ ಕಡೆ, ಸಾದಾ ಸಾಬಾಣದ್ದು 9–10, ಕ್ಷಾರದ ಕಡೆ. ಅದರ ಮ್ಯಾಲ ಅಂಗೈಯಾಗ ಎಣ್ಣಿ ಗ್ರಂಥಿನ ಇಲ್ಲ. ಮಾರಿ, ತಲಿ, ಬೆನ್ನು ಎಲ್ಲಾ ಕಡೆ ದೇಹ ತಾನ ಎಣ್ಣಿ ಬಿಡ್ತದ, ಅಂಗೈ ಅಂಗಾಲಿಗೆ ಮಾತ್ರ ಬಿಡೂದಿಲ್ಲ. ಅದಕ್ಕ ಅವೆರಡೂ ಮೊದಲ ಒಡೀತಾವ. ಅಲ್ಲಿ ಹೋದ ಜಿಡ್ಡು ನಾವೇ ಕೊಡಬೇಕು.

ಅಪ್ಪನ ಕೈದು ಬ್ಯಾರೆ ಕಥಿ. ಸಿಮೆಂಟ್ ಕಲಿಸಿ ಕಲಿಸಿ ಅವನ ಕೈ ಬರೇ ಒಣಗ್ತಿರ್ಲಿಲ್ಲ, ಕೆಂಪಾಗಿ ತುರಿಸ್ತಿತ್ತು, ನೀರು ಸೋರ್ತಿತ್ತು. ಹಸಿ ಸಿಮೆಂಟಿನ ಪಿಎಚ್ 12ರ ಮ್ಯಾಲ, ಸಾಬಾಣಕ್ಕಿಂತ ನೂರಾರು ಪಟ್ಟು ಕ್ಷಾರ, ಮತ್ತ ಅದರಾಗ ಕ್ರೋಮಿಯಂ ಇರ್ತದ, ಒಮ್ಮೆ ಅದರ ಅಲರ್ಜಿ ಹತ್ತಿತಂದ್ರ ವರ್ಷಗಟ್ಟಲೆ ಬಿಡೂದಿಲ್ಲ. ಯುರೋಪಿನ್ಯಾಗ 2005ರಿಂದ ಸಿಮೆಂಟಿನ್ಯಾಗ ಆ ಕರಗೋ ಕ್ರೋಮಿಯಂ 10 ಲಕ್ಷಕ್ಕ 2 ಪಾಲಿಗಿಂತ ಹೆಚ್ಚ ಇರಬಾರದಂತ ಕಾನೂನು ಮಾಡ್ಯಾರ. ಅಪ್ಪ ಕೈಗೆ ಕೊಬ್ಬರಿ ಎಣ್ಣಿ ಹಚ್ಚಿಕೊಂಡು ಸೈಟಿಗೆ ಹೋಗ್ತಿದ್ದ, ಸಂಜೀಕ ಬಂದು ಹಳೇ ಅರಬಿ ಕಟ್ಕೋತಿದ್ದ. ಅವಾಗ ನಾನು ಸಣ್ಣಕಿ, ಗೌಂಡಿ ಕೈ ಹಿಂಗ ಇರ್ತಾವಂತ ತಿಳಕೊಂಡಿದ್ದೆ. ಈಗ ಅವನಿಲ್ಲ. ಅವನಿಗೆ ಒಂದು ಜೋಡಿ ಛಲೋ ಗ್ಲೌಸ್ ಯಾರೂ ಕೊಡ್ಲಿಲ್ಲಲ್ಲ ಅಂತ ಇವತ್ತಿಗೂ ಹೊಟ್ಟಿ ಉರೀತದ.

ಹಿಂಗಾಗಿ ಅವ್ವನ ಕೈ ಬಿಡಬಾರದು ಅಂತ ಹಟ ಬಂತು.

ಮೊದಲ ತಂದಿದ್ದು ಪಂಪ್ ಬಾಟಲಿ ಲೋಷನ್, ಗುಲಾಬಿ ವಾಸನಿದು. ಹಚ್ಚಿದ್ರ ಕೂಡ್ಲೆ ಹೀರ್ಕೋತದ, ಕೈ ಮೆತ್ತಗ ಅನಸ್ತದ, ಒಂದು ತಾಸಿನ್ಯಾಗ ಮತ್ತ ಮೊದಲಿನಂಗ. ಲೋಷನ್‌ನ್ಯಾಗ ನೀರಿನ ಪಾಲೇ ಹೆಚ್ಚು, ಸಾದಾ ಚರ್ಮಕ್ಕ ಅದು ಸಾಕು, ಒಡದ ಕೈಗೆ ಸಾಲೂದಿಲ್ಲ. ಮೂರನೇ ದಿನ ಮೆಸ್ಸಿನವರು ಫೋನ್ ಮಾಡಿ "ಅಕ್ಕಾ, ರೊಟ್ಟಿ ಗಮ್ ಅಂತಾವ, ಸೆಂಟಿನ ವಾಸನಿ ಬರ್ತದ" ಅಂದ್ರು. ಅವ್ವ ಅವಮಾನ ಆದಂಗ ಆಗಿ ಬಾಟಲಿ ಎತ್ತಿ ಕಪಾಟಿನ ಮ್ಯಾಲ ಇಟ್ಟಬಿಟ್ಲು. ಅವತ್ತ ನನಗ ತಿಳೀತು, ಅಡಗಿ ಮಾಡೋ ಕೈಗೆ ಹಚ್ಚೂದು ವಾಸನಿ ಇರಬಾರದು, ಹೊಟ್ಟಿಗೆ ಹೋದ್ರೂ ನಡೀಬೇಕು, ಜಾರಬಾರದು, ಹಿಟ್ಟಿಗೆ ಹತ್ತಬಾರದು. ಇಷ್ಟೂ ಅಂಗಡಿಯಾಗ ಡಬ್ಬಿ ಮ್ಯಾಲ ಯಾರೂ ಬರಿಯೂದಿಲ್ಲ. ಅಲ್ಲಿ ಬರಿಯೂದು ಶೀಯಾ, ಬಾದಾಮಿ, ಹಾಲು, ಜೇನು. ಯಾರ ಕೈ, ಏನು ಕೆಲಸ ಮಾಡ್ತದ, ಎಷ್ಟು ಸಲ ತೊಳೀತದ ಅಂತ ಕೇಳಿ ಕ್ರೀಮ್ ಕೊಡೋರು ಬೇಕು ನೋಡ್ರಿ. ಹಂಗಂತ ವಾಸನಿ ಬರೇ ಮೂಗಿನ ಪ್ರಶ್ನೆ ಅಲ್ಲ, ಒಡದ ಚರ್ಮಕ್ಕ ಅಲರ್ಜಿ ತರೋದ್ರಾಗ ಸುಗಂಧದ ವಸ್ತು ಮುಂದಿನ ಸಾಲಿನ್ಯಾಗ ಇರ್ತಾವ.

ಎರಡನೇದು ಆಸ್ಪತ್ರಿಯಿಂದ ಕಲ್ತ ವಿದ್ಯೆ, ಯೂರಿಯಾ ಕ್ರೀಮ್. ಯೂರಿಯಾ ಚರ್ಮದಾಗ ನೀರು ಹಿಡದಿಡ್ತದ, ಗ್ಲಿಸರಿನ್ ಹಂಗ, ಶೇ 10ರ ತನಕ ಇದ್ರ ಮೆತ್ತಗ ಮಾಡ್ತದ, ಶೇ 20ರ ಮ್ಯಾಲ ಹೋದ್ರ ಗಟ್ಟಿ ಚರ್ಮ ಕರಗಸ್ತದ, ಹಿಮ್ಮಡಿಗೆ ಅದು ಭಾಳ ಛಲೋ. ಆದ್ರ ಹಸಿ ಬಿರುಕಿಗೆ ಹಚ್ಚಬಾರದು, ನನಗ ಗೊತ್ತಿದ್ದೂ ಅವಸರ ಮಾಡ್ದೆ. ಅವ್ವ "ಅಯ್ಯಯ್ಯಪ್ಪಾ, ಮೆಣಸಿನಕಾಯಿ ಹಚ್ಚಿದಿ ಏನ?" ಅಂತ ಓಡಿಹೋಗಿ ನಳದ ಕೆಳಗ ಕೈ ಹಿಡದ್ಲು. ಪಕ್ಕದ ಮನಿಯವರು ನಿಂಬಿಹಣ್ಣು ಸಕ್ಕರಿ ತಿಕ್ಕರಿ ಅಂದಿದ್ರು, ಅದನ್ನಂತೂ ಮಾಡಿಸ್ಲಿಲ್ಲ, ಬಿರುಕಿಗೆ ನಿಂಬಿ ಹಿಂಡೂದು ಗಾಯಕ್ಕ ಉಪ್ಪು ಹಾಕಿದಂಗ.

ಮೂರನೇದು ವ್ಯಾಸಲೀನ್. ಬಡವರ ಔಷಧ ಅಂತ ಹಗುರ ಮಾಡ್ತಾರ, ನೀರು ಹೊರಗ ಹೋಗದಂಗ ತಡಿಯೋದ್ರಾಗ ಅದಕ್ಕ ಸರಿಸಮ ಇರೋವು ಭಾಳ ಕಮ್ಮಿ. ಅದರ ಹುಟ್ಟಿನ ಕಥಿ ನನಗ ಭಾಳ ಸೇರ್ತದ. 1859ರಾಗ ಅಮೆರಿಕದ ಪೆನ್ಸಿಲ್ವೇನಿಯಾದಾಗ ಎಣ್ಣಿ ಬಾವಿ ಕೊರೀತಿದ್ರು, ಆ ಪಂಪಿನ ಸಳಿಗೆ ಮೇಣದಂಥಾದ್ದು ಹತ್ತತಿತ್ತು, ಕೆಲಸಗಾರರಿಗೆ ಅದರ ಕಾಟ, ಆದ್ರ ಕೈ ಕೊಯ್ದ್ರ ಸುಟ್ರ ಅದನ್ನ ಹಚ್ಚಕೋತಿದ್ರು. ರಾಬರ್ಟ್ ಚೆಸ್‌ಬ್ರೋ ಅನ್ನೋ ಕೆಮಿಸ್ಟ್ ಅದನ್ನ ನೋಡಿ ಒಯ್ದು ಶುದ್ಧ ಮಾಡಿ 1872ರಾಗ ಪೇಟೆಂಟ್ ತಗೊಂಡ. ಮೊದಲ ಕಂಡುಹಿಡದದ್ದು ದುಡಿಯೋ ಕೈನ. ಆದ್ರ ಒಂದು ತಿಳಕೋಬೇಕು, ವ್ಯಾಸಲೀನ್‌ನ್ಯಾಗ ನೀರಿಲ್ಲ, ಅದು ಬಾಗಲಾ ಹಾಕ್ತದ ಅಷ್ಟ. ಒಳಗ ನೀರಿದ್ದಾಗ ಬಾಗಲಾ ಹಾಕಿದ್ರ ಉಪಯೋಗ. ಒಣ ಕೈಗೆ ಹಚ್ಚಿ "ಏನೂ ಆಗ್ಲಿಲ್ಲ" ಅನ್ನೋರು ಇದನ್ನ ಬಿಟ್ಟಿರ್ತಾರ. ಕೈ ತೊಳದು, ಒತ್ತಿ ಒರಸಿ, ಇನ್ನೂ ಹಸಿ ಇರೂತ್ಲೇ, ಎರಡು ಮೂರು ಮಿನಿಟಿನ ಒಳಗ ಹಚ್ಚಬೇಕು.

ರಾತ್ರಿಗೆ ಇದು ಪಕ್ಕಾ ಆತು. ಮಲಗೋ ಮುಂದ ಅವ್ವ ಉಗುರಬೆಚ್ಚನ ನೀರಿನ್ಯಾಗ ಐದು ಮಿನಿಟು ಕೈ ಇಡೂದು, ನಾನು ಮೆತ್ತಗ ಒರಸೂದು, ಮೊದಲ ವಾಸನಿ ಇಲ್ಲದ ಗ್ಲಿಸರಿನ್ ಇರೋ ಕ್ರೀಮ್, ಮ್ಯಾಲ ವ್ಯಾಸಲೀನ್, ಮ್ಯಾಲ ನನ್ನ ಹಳೇ ಹತ್ತಿ ಸಾಕ್ಸ್. ಮೊದಲನೇ ರಾತ್ರಿ ಕೈಗೆ ಕಾಲ್ಚೀಲ ಹಾಕ್ಕೊಂಡು ಮಲಗೂದಂದ್ರ ಆಕಿಗೆ ನಾಚಿಕಿ. ನಾಕನೇ ದಿನ ಬೆಳಿಗ್ಗೆ ತಾನ ಬಂದು ಕೈ ಚಾಚಿ ತೋರಿಸಿದ್ಲು, ಬಿರುಕಿನ ಅಂಚು ಮೆತ್ತಗಾಗಿದ್ವು.

ಹಗಲಿಂದು ಉಳೀತು. ವ್ಯಾಸಲೀನ್ ಹಚ್ಚಿ ರೊಟ್ಟಿ ಬಡೀಲಿಕ್ಕಾಗೂದಿಲ್ಲ, ಹಿಟ್ಟು ಜಾರ್ತದ. ಗ್ಲೌಸ್ ಹಾಕ್ಕೊಂಡು ಬಡಿಯೋ ಮಾತೇ ಇಲ್ಲ, ರೊಟ್ಟಿ ತೆಳುವು ಎಷ್ಟು ಬಂತು ಅನ್ನೂದು ಅಂಗೈಗೆ ತಿಳೀಬೇಕು. ಇದಕ್ಕ ಉತ್ತರ ಸಿಕ್ಕಿದ್ದು ಮ್ಯಾಲಿನ ಮಜಲಿಯ ಸಾವಂತವಾಡಿ ಕಾಕೂ ಕಡೆಯಿಂದ. ಒಂದು ದಿನ ಪೇಪರಿನ್ಯಾಗ ಸುತ್ತಿದ್ದ ಒಂದು ಉಂಡಿ ತಂದು ಅವ್ವನ ಕೈಯಾಗಿಟ್ರು. ಕೋಕಂ ತೇಲ್. ತೇಲ್ ಅಂತಾರ ಖರೇ, ನೋಡ್ಲಿಕ್ಕೆ ಮಾಸಿದ ಬಿಳಿ ಕಲ್ಲು, ಕೋಳಿ ತತ್ತಿಯಷ್ಟು, ಮ್ಯಾಲ ಅದನ್ನ ಕಟ್ಟಿದವರ ಬೆರಳಿನ ಗುರುತು ಹಂಗ ಮೂಡಿದ್ವು. ಸಿರ್ಸಿ ಕಡೆಯವರು ಮುರುಗಲ ತುಪ್ಪ ಅಂತಾರಲ್ಲ ಅದ. ಕೋಕಂ ಹಣ್ಣಿನ ಸಿಪ್ಪಿ ಒಣಗಿಸಿ ಸಾರಿಗೆ ಹಾಕ್ತಾರ, ಬೀಜ ಒಣಗಿಸಿ ಕುಟ್ಟಿ ನೀರಾಗ ಕುದಿಸಿದ್ರ ಮ್ಯಾಲ ತೇಲೋದು ಇದು. ಕೊಂಕಣ, ಗೋವಾ ಎಲ್ಲಾ ಕಡೆ ಒಡದ ಹಿಮ್ಮಡಿಗೆ ಮೊದಲಿನಿಂದಾನೂ ಹಚ್ಚತಾರ. ತಿನ್ನಲಿಕ್ಕೂ ಬರ್ತದ, ವಾಸನಿ ಇಲ್ಲಂದ್ರೂ ನಡೀತದ.

ಇದು ಕರಗೂದು 38–40 ಡಿಗ್ರಿಗೆ, ಮೈ ಬಿಸಿಗಿಂತ ಒಂದು ಹೆಜ್ಜಿ ಮುಂದ. ಅದಕ್ಕ ಕೊಬ್ಬರಿ ಎಣ್ಣಿ ಹಂಗ ಹಚ್ಚಿದ ಕೂಡ್ಲೆ ಹರಿದುಹೋಗೂದಿಲ್ಲ. ಅವ್ವ ಉಂಡಿ ಚಾಕುಲೆ ಕೆರದು ಒಂದು ಚಮಚಾದಷ್ಟು ಸೌಟಿನ್ಯಾಗ ಹಾಕಿ ಒಲಿ ಮ್ಯಾಲ ಹಿಡೀತಾಳ, ಅದು ತುಪ್ಪದಂಗ ತಿಳಿ ಆಗ್ತದ, ಉಗುರಬೆಚ್ಚಗಾಗೂ ತನಕ ಕಾಯ್ತಾಳ, ಆಮ್ಯಾಲ ಬೆರಳ ತುದಿಲೆ ಒಂದೊಂದು ಬಿರುಕಿನ್ಯಾಗ ಬಿಡ್ತಾಳ. ಒಳಗ ಹೋಗಿ ಗಟ್ಟಿ ಆಗ್ತದ, ಗ್ವಾಡಿ ಸಂದಿಗೆ ಗಾರೆ ತುಂಬಿದಂಗ. ಅರ್ಧ ತಾಸು ಬಿಟ್ಟು ಹಿಟ್ಟಿಗೆ ಕೈ ಹಾಕಿದ್ರ ಮ್ಯಾಲಿಂದು ಹೋದ್ರೂ ಬಿರುಕಿನ್ಯಾಗಿಂದು ಉಳೀತದ, ಹಿಟ್ಟು ಒಳಗ ಕುಂದ್ರೂದಿಲ್ಲ. ಪುಣೆಯೊಳಗ ಕೊಂಕಣದ ಸಾಮಾನು ಮಾರೋ ಅಂಗಡಿಯಾಗ ಸಿಗ್ತದ, ಆದ್ರ ಅಚ್ಚ ಬಿಳುಪು, ಸುಗಂಧ ಹಾಕಿದ್ದು ತಗೋಬ್ಯಾಡ್ರಿ, ಮಾಸಿದ್ದ ಇರ್ಲಿ.

ಬಾಂಡೆಗೆ ಮಾತ್ರ ರಬ್ಬರ್ ಗ್ಲೌಸ್, ಒಳಗ ಹತ್ತಿ ಗ್ಲೌಸ್, ಇಲ್ದಿದ್ರ ಬೆವತು ಇನ್ನೂ ಕೆಡ್ತದ. ಇದಕ್ಕ ಒಪ್ಪಿಸ್ಲಿಕ್ಕೆ ಒಂದು ತಿಂಗಳು ಹಿಡೀತು. ದಿನಕ್ಕ ಎರಡು ತಾಸಿಗಿಂತ ಹೆಚ್ಚ ಕೈ ಒದ್ದಿ ಇದ್ರ, ಇಲ್ಲಾ ಇಪ್ಪತ್ತು ಸಲಕ್ಕಿಂತ ಹೆಚ್ಚ ತೊಳದ್ರ ಕೈ ಕೆಡೂದು ಹೆಚ್ಚಂತ ನಮಗ ಕಲಿಸಿದ್ರು. ಅವ್ವಂದು ನಾನು ಒಂದು ದಿನ ರಜಾ ಹಾಕಿ ಕುಂತು ಎಣಿಸಿದೆ, ಮಧ್ಯಾಹ್ನದೊಳಗ ಮೂವತ್ನಾಲ್ಕು ಸಲ. ನನ್ನ ಕೈನೂ ಡ್ಯೂಟಿ ಮ್ಯಾಲ ಅಷ್ಟ ಸಲ ಸ್ವಚ್ಛ ಆಗ್ತದ, ಆದ್ರ ಹೆಚ್ಚು ಸಲ ಸ್ಯಾನಿಟೈಸರ್. ಅದು ಕೈ ಒಣಗಸ್ತದ ಅಂತ ಎಲ್ಲಾರೂ ಅಂತಾರ, ಖರೇ ಅಂದ್ರ ಪದೇಪದೇ ಸಾಬಾಣ ಹಚ್ಚಿ ತೊಳಿಯೋದು ಇನ್ನೂ ಹೆಚ್ಚ ಒಣಗಸ್ತದ. ವಿಶ್ವ ಆರೋಗ್ಯ ಸಂಸ್ಥೆಯ ಸ್ಯಾನಿಟೈಸರ್ ಸೂತ್ರದಾಗ ಶೇ 80 ಇಥೆನಾಲ್ ಜೊತಿ ಶೇ 1.45 ಗ್ಲಿಸರಿನ್ ಇಟ್ಟದ್ದು ಚರ್ಮದ ಸಲುವಾಗೇ. ಒಡದ ಕೈಗೆ ಉರೀತದ ಅಷ್ಟ, ಅದಕ್ಕ ಅದರ ಮ್ಯಾಲ ತಪ್ಪು ಹಾಕ್ತಾರ.

ಜನವರಿ ಮುಗಿಯೋದ್ರಾಗ ಬಲಗೈ ಪೂರಾ ಮೆತ್ತಗಾತು. ಎಡಗೈ ಆಗ್ಲಿಲ್ಲ. ಹೆಬ್ಬಟ್ಟು, ತೋರಬೆರಳು, ನಡುಬೆರಳು, ಮೂರರ ತುದಿ ಅಷ್ಟ, ಹಂಗ ಒಡದು ಸಿಪ್ಪಿ ಏಳೂದು. ಎರಡೂ ಕೈಗೆ ಅದ ಕ್ರೀಮ್, ಅದ ಸಾಕ್ಸ್. ನಾನು ಡ್ಯೂಟಿಗೆ ಹೋದಾಗ ಅವ್ವ ಮೆಡಿಕಲ್‌ನವನ ಹತ್ರ ಕೈ ತೋರಿಸಿ ಒಂದು ಟ್ಯೂಬ್ ತಂದಿದ್ಲು, ನಾಕು ದಿನದಾಗ ಎಲ್ಲಾ ಹೋತು, ಎಂಟನೇ ದಿನ ಬಿಟ್ಲು, ಹತ್ತನೇ ದಿನ ಮೊದಲಿಗಿಂತ ಜೋರಾಗಿ ಬಂತು. ಟ್ಯೂಬ್ ಓದಿ ನೋಡ್ದೆ, ಜೋರು ಸ್ಟೀರಾಯ್ಡ್, ಜೊತಿಗೆ ಫಂಗಸ್ ಔಷಧ, ಜೊತಿಗೆ ಆಂಟಿಬಯಾಟಿಕ್, ಮೂರೂ ಒಂದರಾಗ. ಚೀಟಿ ಇಲ್ದ ಇಂಥಾವು ತಗೋಬ್ಯಾಡ್ರಿ ಅಂತ ಕೈ ಮುಗದು ಹೇಳ್ತೀನಿ, ಚರ್ಮ ತೆಳ್ಳಗಾಗಿ ಆಮ್ಯಾಲ ಯಾವ ಕ್ರೀಮಿಗೂ ಬಗ್ಗೂದಿಲ್ಲ.

ಚರ್ಮದ ಡಾಕ್ಟರ್ ಹತ್ರ ಒಯ್ದೆ. ಅವರು ಮೊದಲ ಕಾಲು ನೋಡಿದ್ರು, ಒಂದ ಕೈಗೆ ಆದ್ರ ಕಾಲಿನ ಫಂಗಸ್ ಕೈಗೆ ಬಂದಿರಬಹುದಂತ, ಹೊಟ್ಟು ಕೆರದು ಪರೀಕ್ಷಾ ಮಾಡಿದ್ರು, ಫಂಗಸ್ ಇರ್ಲಿಲ್ಲ. ಆಮ್ಯಾಲ ಆ ಮೂರು ಬೆರಳು ಕೂಡಿಸಿ ಹಿಡದು ಅವ್ವಗ ಕೇಳಿದ್ರು, "ಮಾವಶಿ, ಈ ಮೂರು ಬೆರಳಿನ್ಯಾಗ ದಿನಾ ಏನು ಹಿಡೀತೀರಿ?" ನಾನು ಹಿಂದಿ ಮರಾಠಿ ಕನ್ನಡ ಕೂಡಿಸಿ ಹೇಳ್ದೆ. ಅವ್ವ ಸ್ವಲ್ಪ ಹೊತ್ತು ವಿಚಾರ ಮಾಡಿ ಗಾಳ್ಯಾಗ ಎಡಗೈ ಮೂರು ಬೆರಳು ಕೂಡಿಸಿ, ಬಲಗೈಲೆ ಚಾಕು ಆಡಿಸಿದಂಗ ಮಾಡಿ ತೋರಿಸಿದ್ಲು.

ಬಳ್ಳೊಳ್ಳಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ರೊಟ್ಟಿ ಜೊತಿಗೆ ಮಾರತೀವಲ್ಲ, ವಾರಕ್ಕ ಒಂದು ಕಿಲೋ ಬಳ್ಳೊಳ್ಳಿ ಆಕಿನ ಸುಲೀತಾಳ. ಬಳ್ಳೊಳ್ಳಿಯೊಳಗಿನ ಡೈಅಲೈಲ್ ಡೈಸಲ್ಫೈಡ್ ಅನ್ನೋ ವಸ್ತುವಿಗೆ ಅಲರ್ಜಿ ಆದ್ರ ಹಿಂಗ, ಎಸಳು ಹಿಡಿಯೋ ಕೈಯ ಬೆರಳ ತುದಿಗಷ್ಟ ಬರ್ತದಂತ, ಅಡಗಿಯವರೊಳಗ ಕಾಣೋ ಗುರುತಿನ ರೋಗ ಇದು. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗದು ನೋಡಿದ್ರು, ಮತ್ತ ಎರಡು ದಿನ ಬಿಟ್ಟು ನೋಡಿದ್ರು, ಬಳ್ಳೊಳ್ಳಿ ಪಟ್ಟಿ ಇದ್ದ ಕಡೆ ಕೆಂಪಗ ಗುಳ್ಳಿ ಎದ್ದಿದ್ವು. ಸಾದಾ ರಬ್ಬರ್ ಗ್ಲೌಸ್ ಹಾಕ್ಕೊಂಡ್ರೂ ಅದನ್ನ ದಾಟಿ ಬರ್ತದಂತ, ಮುಟ್ಟದ ಇರೂದ ಉಪಾಯ. ಡಾಕ್ಟರ್ ಎರಡು ವಾರಕ್ಕ ಮುಲಾಮು ಬರದುಕೊಟ್ರು, ಎಷ್ಟು ಹಚ್ಚಬೇಕು, ಯಾವಾಗ ನಿಲ್ಲಿಸಬೇಕು ಅಂತ ದಿನಾಂಕ ಹಾಕಿ.

ಅವ್ವ ಆಸ್ಪತ್ರಿ ಮೆಟ್ಟಲಾ ಇಳೀತ "ನಲವತ್ತು ವರ್ಷ ಸುಲದೀನಿ, ಈಗ ಆಗಿಬರೂದಿಲ್ಲಂತ?" ಅಂದ್ಲು. ಅಲರ್ಜಿ ಹಂಗ ಅವ್ವಾ, ಮುಟ್ಟಿ ಮುಟ್ಟಿನ ಬರ್ತದ ಅಂದೆ. ಆಕಿಗೆ ಅದು ಯಾರೋ ಹತ್ತಿರದವರು ಮಾತು ಬಿಟ್ಟಂಗ ಆಗಿತ್ತು.

ಈಗ ರವಿವಾರಕ್ಕೊಮ್ಮೆ ಬಳ್ಳೊಳ್ಳಿ ನಾನು ಸುಲೀತೀನಿ. ಅವ್ವ ಎದುರಿಗೆ ಮಣಿ ಹಾಕ್ಕೊಂಡು ಕುಂತು, ಸೌಟಿನ್ಯಾಗಿನ ಕೋಕಂ ತೇಲ್ ಆರಿಸ್ಕೋತ, "ಎಸಳಿಗೆ ಚಾಕು ತಾಗಿಸಬ್ಯಾಡ, ಬುಡ ಅಷ್ಟ ತಗಿ" ಅಂತ ಹೇಳ್ಕೋತ ಇರ್ತಾಳ. ಎಡಗೈ ಮೂರೂ ಬೆರಳು ಮುಚ್ಚಿಕೊಂಡಾವ. ಹೋದ ವಾರ ಹೆಬ್ಬಟ್ಟು ಬೆಳಕಿಗೆ ಹಿಡದು ನೋಡ್ದೆ, ತುದಿಯೊಳಗ ತೆಳ್ಳಗ ಗೆರಿ ಕಾಣಾಕತ್ತಾವ, ಅರ್ಧ ಸುತ್ತು ಅಷ್ಟ. ಸಿಮ್ ಅಂಗಡಿಗೆ ಹೋಗೂಣೇನಂತ ಕೇಳ್ದೆ, "ಪೂರಾ ಬರ್ಲಿ ತಡಿ" ಅಂದ್ಲು.